ಟೊಬೇಗೊ ತೀರದಲ್ಲಿ ತಂಗುವವರಿಗೆ

ವಿಶ್ರಾಂತಿಯನ್ನರಸಿ ಕೆರಿಬಿಯನ್ ಸಮುದ್ರದ ಟೊಬೇಗೊ ದ್ವೀಪಕ್ಕೆ ತೆರಳುವ ಮಿತ್ರರೆ, ನಿಮ್ಮ ವಸತಿಗೃಹವು ಗ್ರೇಟ್ ಕೋರ್ಲೆಂಡ್ ಕೊಲ್ಲಿಯ ಮರಳಿಗೆ ಹೊಂದಿಕೊಂಡಿದ್ದು, ನಿಮ್ಮ ವಾಸವು ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ಒದಗಿದರೆ, ಇರುಳಿನಲ್ಲಿ ಕಡಲಿಗೆದುರಾದ ದೀಪಗಳನ್ನು ದಯಮಾಡಿ ಆರಿಸಿರಿ; ಏಕೆಂದರೆ ನೂರಾರು ಕಿಲೋ ತೂಗುವ ಲೆದರ್‌ಬ್ಯಾಕ್ ಕಡಲಾಮೆಯು ಮೊಟ್ಟೆಯಿಡಲು ಆ ಮರಳನ್ನೇರಿ ಬರುವುದು ಆಗಲೇ, ಮತ್ತು ಅದರ ಮರಿಗಳು ಬೆಳಕಿಗೆ ಮರುಳಾಗಿ ಕಡಲಿನ ದಾರಿಯನ್ನೇ ತಪ್ಪುವುವು. ಕತ್ತಲಲ್ಲಿ ದೂರ ಕುಳಿತು ಆ ತಾಯಿಯ ನಿಡಿದಾದ ಉಸಿರನ್ನು ಆಲಿಸುವುದಕ್ಕಿಂತ ಮಿಗಿಲಾದ ವಿಶ್ರಾಂತಿಯನ್ನು ನಾನರಿಯೆ. ಹಗಲಿನಲ್ಲಿ ನೆರಳನ್ನು ಆಯುವಾಗಲೂ ವಿವೇಕವಿರಲಿ: ಆ ತೀರಗಳ ಮಾಂಚಿನೀಲ್ ಮರದ ಪುಟ್ಟ ಸೇಬಿನಂಥ ಹಣ್ಣು ವಿಷಮಯ; ಮಳೆಯಲ್ಲಿ ಅದರೆಲೆಯಿಂದ ತೊಟ್ಟಿಕ್ಕುವ ಹನಿಯೂ ಚರ್ಮವನ್ನು ಸುಡುವುದು. ಒಂದು ಮುಂಜಾನೆಯನ್ನಾದರೂ, 1776ರಿಂದಲೇ ಕಾನೂನಿನ ರಕ್ಷಣೆಯಲ್ಲಿರುವ ಮೇನ್ ರಿಜ್ ಅರಣ್ಯಕ್ಕೆ ಮೀಸಲಿಡಿರಿ.