ಮೆಚ್ಚುಗೆ ಎಲ್ಲಿ ಮುಗಿಯುತ್ತೆ, ಆರಾಧನೆ ಎಲ್ಲಿ ಶುರುವಾಗುತ್ತೆ?

ಯೌವನಸ್ಥರ ಕೂಟದ ಸಂದೇಶ
ಓದುವ ಭಾಗ: 1 ಸಮುವೇಲ 18:6-9, ಅಪೊಸ್ತಲರ ಕೃತ್ಯಗಳು 14:8-19

ಗುಂಡ್ಲುಪೇಟೆಯಿಂದ ಬಸ್ಸಲ್ಲಿ ಬಂದವರು, ಚಾಮರಾಜನಗರದವರು, ಬೆಂಗಳೂರಿನಿಂದ ಆನ್‌ಲೈನ್‌ನಲ್ಲಿ ಕೇಳ್ತಾ ಇರುವವರು, ಎಲ್ಲರೂ ಬೈಬಲ್ ತೆಗೆದುಕೊಳ್ಳಿ.

ಪ್ರಶ್ನೆ ಪೆಟ್ಟಿಗೆಯಲ್ಲಿ ಒಂದು ಚೀಟಿ ಇತ್ತು: "ಪಾಸ್ಟರ್, ನನಗೆ ಟೇಲರ್ ಸ್ವಿಫ್ಟ್ ಅಂದ್ರೆ ಪ್ರಾಣ. ಇದು ಪಾಪವಾ?" ಇದಕ್ಕೆ ಒಂದೇ ಪದದಲ್ಲಿ ಉತ್ತರ ಕೊಟ್ಟುಬಿಡಬಹುದು. ಆದರೆ ವಾಕ್ಯ ಏನು ಹೇಳುತ್ತೆ ಅಂತ ಮೊದಲು ನೋಡೋಣ.

ಒಂದನೆಯದು, ಸ್ತ್ರೀಯರ ಧ್ವನಿ ದೇವರು ಕೊಟ್ಟ ವರ. ಕೆಂಪು ಸಮುದ್ರ ದಾಟಿದ ಮೇಲೆ ದಮ್ಮಡಿ ಹಿಡಿದು ಸ್ತ್ರೀಯರನ್ನು ನಡೆಸಿದವಳು ಮಿರ್ಯಾಮಳು. ನ್ಯಾಯಸ್ಥಾಪಕರು 5ನೇ ಅಧ್ಯಾಯ ಪೂರ್ತಿ ದೆಬೋರಳೂ ಬಾರಾಕನೂ ಹಾಡಿದ ಹಾಡು. ಹಾಗಾಗಿ ಒಂದು ಒಳ್ಳೆಯ ಧ್ವನಿ ಕೇಳಿ ನಿಮ್ಮ ಮನಸ್ಸು ಅರಳಿದರೆ ಅದಕ್ಕೆ ತಲೆ ತಗ್ಗಿಸಬೇಕಾಗಿಲ್ಲ.

ನಿಮ್ಮ ಅಮ್ಮ, ಅಜ್ಜಿಯನ್ನು ಕೇಳಿ ನೋಡಿ, ಎಸ್. ಜಾನಕಿ ಅಂದ ತಕ್ಷಣ ಮುಖ ಬದಲಾಗುತ್ತೆ. 1938ರಲ್ಲಿ ಆಂಧ್ರದಲ್ಲಿ ಹುಟ್ಟಿದವರು, ಮನೆಮಾತು ತೆಲುಗು. ಆದರೂ ಅವರ ಕನ್ನಡ ಕೇಳಿದವರಿಗೆ ಅದು ನಮ್ಮ ಮನೆಯ ಧ್ವನಿ. ಇನ್ನೊಂದು ಭಾಷೆಯ ಒಂದೊಂದು ಅಕ್ಷರಕ್ಕೂ ಅಷ್ಟು ಗೌರವ ಕೊಟ್ಟು ದುಡಿದರು. 1957ರಲ್ಲಿ ಶುರು ಮಾಡಿದವರು 60 ವರ್ಷ ಹಾಡಿ, 2017ರ ಅಕ್ಟೋಬರ್‌ನಲ್ಲಿ ಇಲ್ಲೇ ನಮ್ಮ ಮೈಸೂರಿನ ವೇದಿಕೆಯಲ್ಲಿ ಇನ್ನು ಸಾಕು ಅಂತ ಮೈಕ್ ಬಿಟ್ಟರು. ಜನ ಇನ್ನೂ ಬೇಕು ಅನ್ನುವಾಗಲೇ ಬಿಡೋದು ಸುಲಭ ಅಲ್ಲ.

ಇನ್ನು ಟೇಲರ್ ಸ್ವಿಫ್ಟ್. 2019ರಲ್ಲಿ ಆಕೆಯ ಮೊದಲ ಆಲ್ಬಂಗಳ ಒಡೆತನ ಬೇರೆಯವರ ಕೈಗೆ ಹೋಯಿತು. ಆಕೆ ಬೇಸರ ಮಾಡಿಕೊಂಡು ಸುಮ್ಮನಾಗಲಿಲ್ಲ. ಕೂತು ಅದೇ ಹಾಡುಗಳನ್ನು ಮತ್ತೆ ಹಾಡಿ ನಾಲ್ಕು ಆಲ್ಬಂ ಹೊರತಂದಳು. 2025ರಲ್ಲಿ ಹಳೆಯದನ್ನೂ ಕೊಂಡುಕೊಂಡಳು. ಶ್ರಮ, ತಾಳ್ಮೆ, ನನ್ನ ಕೆಲಸಕ್ಕೆ ಬೆಲೆ ಇದೆ ಅನ್ನುವ ಧೈರ್ಯ: ಇವನ್ನು ಒಬ್ಬ ಹುಡುಗಿ ಆಕೆಯಿಂದ ಕಲಿತರೆ ಕಲಿಯಲಿ ಬಿಡಿ.

ಎರಡನೆಯದು, ಹೋಲಿಕೆ ಮೆಚ್ಚುಗೆಯನ್ನು ವಿಷ ಮಾಡುತ್ತೆ. 1 ಸಮುವೇಲ 18ರಲ್ಲಿ ಸ್ತ್ರೀಯರು ಹಾಡುತ್ತಾ ಬಂದರು. ಸೌಲನಿಗೆ ಸಾವಿರದ ಲೆಕ್ಕ, ದಾವೀದನಿಗೆ ಹತ್ತು ಸಾವಿರದ ಲೆಕ್ಕ. ಸೌಲ ಆ ಲೆಕ್ಕವನ್ನೇ ಹಿಡಿದುಕೊಂಡ. ಅಂದಿನಿಂದ ದಾವೀದನ ಮೇಲೆ ಕಣ್ಣಿಟ್ಟ. ಇವತ್ತು ಆ ಲೆಕ್ಕದ ಹೆಸರು ವ್ಯೂಸ್, ಚಾರ್ಟ್. ನನ್ನ ಸ್ಟಾರ್ ದೊಡ್ಡವಳು ಅಂತ ತೋರಿಸೋಕೆ ಇನ್ನೊಬ್ಬ ಗಾಯಕಿಯ ದೇಹ, ಬಣ್ಣ, ಸಂಸಾರದ ಬಗ್ಗೆ ಕೊಳಕು ಕಾಮೆಂಟ್ ಹಾಕ್ತೀವಿ. ಭಾನುವಾರ ಸ್ತೋತ್ರ ಹೇಳಿದ ಬಾಯಿ, ಸೋಮವಾರ ಅದೇ ಬೆರಳಲ್ಲಿ ಶಾಪ ಟೈಪ್ ಮಾಡಬಾರದು, ಪ್ರಿಯರೇ.

ಮೂರನೆಯದು, ಮನುಷ್ಯಳನ್ನು ದೇವರು ಮಾಡಿದರೆ ಅವಳಿಗೂ ಕೇಡು, ನಮಗೂ ಕೇಡು. ಲುಸ್ತ್ರದಲ್ಲಿ ಕುಂಟ ಎದ್ದು ನಡೆದಾಗ ಜನ ಪೌಲ ಬಾರ್ನಬರಿಗೆ ಹೋರಿ, ಹೂವಿನ ಹಾರ ತಂದರು. ಇವರು ಬಟ್ಟೆ ಹರಿದುಕೊಂಡು ಗುಂಪಿನೊಳಗೆ ಓಡಿದರು, ನಾವೂ ನಿಮ್ಮಂಥ ಮನುಷ್ಯರೇ ಅಂತ ಕೂಗಿದರು. ಮುಂದಿನ ವಚನ ಓದಿ. ಹೊರಗಿಂದ ಬಂದವರ ಮಾತಿಗೆ ಅದೇ ಗುಂಪು ಒಲಿಯಿತು, ಪೌಲನ ಮೇಲೆ ಕಲ್ಲು ಬಿತ್ತು. ಹಾರಕ್ಕೂ ಕಲ್ಲಿಗೂ ನಡುವೆ ದೂರ ಬಹಳ ಇರಲಿಲ್ಲ.

ಗುಂಡ್ಲುಪೇಟೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಹೂವಿನ ಕಾಲದಲ್ಲಿ ಊಟಿ ರಸ್ತೆ, ಕೇರಳ ರಸ್ತೆ ಪಕ್ಕದಲ್ಲಿ ಕಾರುಗಳು ಸಾಲಾಗಿ ನಿಲ್ಲುತ್ತವೆ. ಸೂರ್ಯಕಾಂತಿ, ಚೆಂಡು ಹೂವಿನ ಹೊಲದಲ್ಲಿ ಸೆಲ್ಫಿ ತೆಗೆದು ಹೋಗ್ತಾರೆ. ಫೋಟೋದಲ್ಲಿ ಹೊಲ ಚಿನ್ನ. ಆ ಹೊಲದ ಸಾಲ, ಮಳೆ ಕೈಕೊಟ್ಟ ವರ್ಷ, ಆ ಮನೆಯವರ ಬೆನ್ನು ನೋವು ಫೋಟೋದಲ್ಲಿ ಬರುತ್ತಾ? ಸ್ಟಾರ್‌ಗಳನ್ನೂ ನಾವು ಹಾಗೇ ನೋಡ್ತೀವಿ. ವಿಟ್ನಿ ಹ್ಯೂಸ್ಟನ್ ನ್ಯೂವಾರ್ಕ್‌ನ ಬ್ಯಾಪ್ಟಿಸ್ಟ್ ಸಭೆಯ ಗಾಯಕವೃಂದದಲ್ಲಿ ಹಾಡಿ ಬೆಳೆದ ಮಗು. ಲೋಕವೆಲ್ಲ ಆ ಧ್ವನಿಗೆ ಎದ್ದು ನಿಂತಿತು. 2012ರಲ್ಲಿ 48ನೇ ವಯಸ್ಸಿಗೆ ಒಂದು ಹೋಟೆಲ್ ಕೋಣೆಯಲ್ಲಿ ತೀರಿಕೊಂಡಳು. ಬೆರಳು ತೋರಿಸೋಕೆ ಇದನ್ನು ಹೇಳ್ತಿಲ್ಲ. ಕೋಟಿ ಜನರ ಮೆಚ್ಚುಗೆ ಒಬ್ಬಳ ಒಳಗಿನ ಹಸಿವನ್ನು ತುಂಬಲಾರದು. ಮೆಚ್ಚುವವರಲ್ಲಿ ಎಷ್ಟು ಜನ ಅವರಿಗಾಗಿ ಪ್ರಾರ್ಥಿಸ್ತೀವಿ?

ಈಗ ಚೀಟಿ ಬರೆದ ತಂಗಿಗೆ ನೇರವಾಗಿ ಹೇಳ್ತೀನಿ. ಮೆಚ್ಚೋದು ಪಾಪ ಅಲ್ಲಮ್ಮ. ಆದರೆ "ಪ್ರಾಣ" ಅಂತ ಬರೆದಿದ್ದೀಯಲ್ಲ, ಆ ಒಂದು ಪದವನ್ನು ಪರೀಕ್ಷೆ ಮಾಡು. ಮೂರು ಪ್ರಶ್ನೆ ಕೇಳಿಕೋ. ಮನಸ್ಸು ಮುರಿದ ರಾತ್ರಿ ಮೊದಲು ಎಲ್ಲಿಗೆ ಓಡ್ತೀನಿ, ಪ್ಲೇಲಿಸ್ಟ್‌ಗಾ, ಪ್ರಾರ್ಥನೆಗಾ? ಯಾರಾದರೂ ಆಕೆಯನ್ನು ಟೀಕಿಸಿದರೆ ನನ್ನನ್ನೇ ಬೈದಷ್ಟು ಉರಿಯುತ್ತಾ? ಹಾಡು ಕೇಳಿ ಎದ್ದ ಮೇಲೆ ಕನ್ನಡಿಯಲ್ಲಿ ಕಾಣುವ ನನ್ನ ಮುಖ, ನನ್ನ ಬಣ್ಣ, ನನ್ನ ಊರು ಕೀಳು ಅನಿಸುತ್ತಾ? ಉತ್ತರ ನನಗೆ ಬೇಡ, ಕರ್ತನ ಮುಂದೆ ಹೇಳು.

ಹಿರಿಯರಿಗೂ ಒಂದು ಮಾತು. ನಮ್ಮ ಹೆಣ್ಣುಮಕ್ಕಳು ಆ ಹಾಡುಗಳ ಹತ್ತಿರ ಯಾಕೆ ಹೋಗ್ತಾರೆ? ಬಹಳ ಸಲ, ತಮ್ಮ ನೋವನ್ನು ಒಬ್ಬ ಹೆಂಗಸು ಜೋರಾಗಿ, ನಾಚಿಕೆ ಇಲ್ಲದೆ ಹೇಳೋದನ್ನು ಅಲ್ಲಿ ಕೇಳ್ತಾರೆ. ಮನೆಯಲ್ಲಿ "ಹುಡುಗಿ, ಮೆಲ್ಲಗೆ ಮಾತಾಡು" ಅಂತೀವಿ. ಸಭೆಯಲ್ಲಿ ಕೋರಸ್‌ಗೆ ಮಾತ್ರ ನಿಲ್ಲಿಸ್ತೀವಿ, ಸಾಕ್ಷಿ ಹೇಳೋಕೆ ಕರೆಯೋದಿಲ್ಲ. ಅಳುವ ಹನ್ನಳ ತುಟಿ ನೋಡಿ, ಕುಡಿದಿದ್ದಾಳೆ ಅಂದುಕೊಂಡ ಏಲಿಯ ಹಾಗೆ ನಾವು ಇರೋದು ಬೇಡ. ಫೋನ್ ಕಿತ್ತುಕೊಳ್ಳುವ ಮುಂಚೆ ಪಕ್ಕದಲ್ಲಿ ಕೂತು, ಆ ಹಾಡಲ್ಲಿ ನಿನಗೆ ಏನು ಇಷ್ಟ ಆಯ್ತು ಅಂತ ಕೇಳಿ. ಅವಳ ಹೃದಯದ ಬಾಗಿಲು ಅಲ್ಲೇ ಇರಬಹುದು.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಕರ್ತನೇ, ಧ್ವನಿ ಕೊಟ್ಟವನು ನೀನು. ಹಾಡುವವರನ್ನು ಕಾಪಾಡು, ಅವರ ಹಸಿವನ್ನು ನೀನೇ ತುಂಬು. ನಮ್ಮ ಮೆಚ್ಚುಗೆ ಮೆಚ್ಚುಗೆಯಾಗಿಯೇ ಇರಲಿ, ಆರಾಧನೆ ನಿನಗೆ ಮಾತ್ರ ಸಲ್ಲಲಿ. ಈ ಜಿಲ್ಲೆಯ ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಹೊಸ ಹಾಡು ಇಡು, ಅದನ್ನು ಕೇಳುವ ಕಿವಿ ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.