ಬಚ್ಚಲಿನಲ್ಲಿ ಬಿಸಿನೀರು ಸಣ್ಣಗೆ ಬಂದರೆ ದೋಷ ಹುಡುಕುವ ಕ್ರಮ

ಇಂದು ಅನೇಕ ರೈತರ ಮನೆಗಳಲ್ಲಿ ಹಂಡೆಯ ಒಲೆಯ ಜೊತೆಗೆ ಮಾಳಿಗೆಯ ಮೇಲೆ ಸೋಲಾರ್ ಹೀಟರ್, ಬಚ್ಚಲಿನಲ್ಲಿ ಷವರ್ ಬಂದಿವೆ. ಒತ್ತಡ ಸಾಲದೆಂದು ಕೆಲವರು ಸಣ್ಣ ಪಂಪನ್ನೂ ಕೂರಿಸಿರುತ್ತಾರೆ. ಆದರೂ ತಣ್ಣೀರು ಜೋರಾಗಿ ಬಂದು, ಬಿಸಿನೀರು ಮಾತ್ರ ನೂಲಿನಂತೆ ಇಳಿಯುವುದುಂಟು. ಕಾರಣ ತಿಳಿಯದೆ ಇನ್ನೂ ದೊಡ್ಡ ಪಂಪು ತರುವುದು ಹಣದ ನಷ್ಟ. ಕೆಲವೊಮ್ಮೆ ಅಪಾಯ ಕೂಡ.

ಮೊದಲು ಅಳೆಯಿರಿ

10 ಲೀಟರಿನ ಬಕೆಟ್ಟು ಮತ್ತು ಗಡಿಯಾರ ಸಾಕು. ತಣ್ಣೀರು, ಬಿಸಿನೀರು ಪ್ರತ್ಯೇಕವಾಗಿ ಬಕೆಟ್ಟು ತುಂಬಲು ಹಿಡಿಯುವ ಸಮಯವನ್ನು ಗುರುತು ಹಾಕಿಕೊಳ್ಳಿ. 1 ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 10 ಲೀಟರ್. 4 ನಿಮಿಷವಾದರೆ ಎರಡೂವರೆ ಲೀಟರ್ ಮಾತ್ರ. ಎರಡೂ ನಿಧಾನವಾದರೆ ಪಂಪು, ಅದರ ಜಾಲರಿ ಮತ್ತು ತೊಟ್ಟಿಯ ವಾಲ್ವನ್ನು ನೋಡಬೇಕು. ಬಿಸಿನೀರು ಮಾತ್ರ ನಿಧಾನವಾದರೆ ದೋಷ ಬಿಸಿನೀರಿನ ಮಾರ್ಗದಲ್ಲಿದೆ. ಷವರಿನ ತಲೆಯನ್ನು ಬಿಚ್ಚಿದಾಗ ಹರಿವು ಹೆಚ್ಚಿದರೆ ಅದರ ರಂಧ್ರಗಳೇ ಕಟ್ಟಿವೆ ಎಂದು ತಿಳಿಯಬೇಕು.

ಸಾಮಾನ್ಯ ಕಾರಣಗಳು, ಪರಿಹಾರ

1. ಸುಣ್ಣದ ಕರೆ: ಕೋಲಾರ, ಚಿತ್ರದುರ್ಗದಂತಹ ಬಯಲುಸೀಮೆಯ ಕೊಳವೆ ಬಾವಿಗಳಲ್ಲಿ ಗಡಸು ನೀರು ಸಾಮಾನ್ಯ. ಹನಿ ನೀರಾವರಿಯ ಡ್ರಿಪ್ಪರುಗಳನ್ನು ಕಟ್ಟಿಸುವ ಸುಣ್ಣವೇ ಇಲ್ಲಿಯೂ ಶತ್ರು. ನೀರು ಕಾದಷ್ಟೂ ಅದು ಹೆಚ್ಚು ಬೇರ್ಪಟ್ಟು ಅಂಟಿಕೊಳ್ಳುವುದರಿಂದ ಬಿಸಿನೀರಿನ ಕೊಳವೆಯೇ ಮೊದಲು ಕಟ್ಟುತ್ತದೆ. 20 ಮಿ.ಮೀ. ಒಳವ್ಯಾಸ 10 ಮಿ.ಮೀ.ಗೆ ಇಳಿದರೆ ನೀರಿನ ದಾರಿ ಕಾಲುಭಾಗ ಮಾತ್ರ ಉಳಿಯುತ್ತದೆ. ಷವರಿನ ತಲೆಯನ್ನು ನಿಂಬೆರಸ ಅಥವಾ ವಿನೆಗರಿನಲ್ಲಿ ರಾತ್ರಿಯಿಡೀ ನೆನೆಸಿ ಉಜ್ಜಿರಿ. ಡ್ರಿಪ್ ತೊಳೆಯಲು ತಂದ ಹೈಡ್ರೋಕ್ಲೋರಿಕ್ ಆಮ್ಲವನ್ನು ಹೀಟರಿಗೆ ಸುರಿಯಲೇಬಾರದು, ಉಕ್ಕನ್ನು ತಿನ್ನುತ್ತದೆ. ಪೂರ್ತಿ ಕಟ್ಟಿದ ಕೊಳವೆಯನ್ನು ಬದಲಿಸುವುದೇ ಲೇಸು.

2. ಮೆತ್ತಗಾದ ಕೊಳವೆ: ಹೊಲದಲ್ಲಿ ಉಳಿದ ಪಿ.ವಿ.ಸಿ. ಪೈಪನ್ನು ಬಿಸಿನೀರಿಗೆ ಜೋಡಿಸಬಾರದು. ಶಾಖಕ್ಕೆ ಅದು ಮೆತ್ತಗಾಗಿ ಜೋತು ಬೀಳುತ್ತದೆ. ಬಿಸಿನೀರಿಗೆ ಸಿ.ಪಿ.ವಿ.ಸಿ. ಪೈಪನ್ನೇ ಬಳಸಬೇಕು.

3. ಗಾಳಿ ತಡೆ: ಕೊಳವೆ ಮೇಲೇರಿ ಮತ್ತೆ ಇಳಿಯುವ ಕಡೆ ಗಾಳಿ ನಿಂತು ನೀರನ್ನು ತಡೆಯುತ್ತದೆ. ನೀರು ಬಿಟ್ಟುಬಿಟ್ಟು, ಗೊರಗೊರ ಸದ್ದಿನೊಂದಿಗೆ ಬರುವುದು ಇದರ ಲಕ್ಷಣ. ಎಲ್ಲಕ್ಕೂ ಕೆಳಗಿನ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆದು ಗಾಳಿ ಹೊರಹಾಕಿ. ಮತ್ತೆ ಮತ್ತೆ ಹೀಗಾದರೆ ಕೊಳವೆಯನ್ನು ಒಂದೇ ಇಳಿಜಾರಿನಲ್ಲಿ ಕೂರಿಸಿ.

4. ಒತ್ತಡದ ವ್ಯತ್ಯಾಸ: 10 ಮೀಟರ್ ಎತ್ತರದ ನೀರು ಚದರ ಸೆಂ.ಮೀ.ಗೆ ಸುಮಾರು 1 ಕಿಲೋ ಒತ್ತಡ ಕೊಡುತ್ತದೆ. ಷವರಿಗಿಂತ 2 ಮೀಟರ್ ಮೇಲಿರುವ ತೊಟ್ಟಿಯಿಂದ ಸಿಗುವುದು ಇದರ ಐದನೇ ಒಂದು ಪಾಲು. ಪಂಪು ತಣ್ಣೀರಿಗೆ ಮಾತ್ರ ಇದ್ದರೆ ಮಿಕ್ಸರಿನಲ್ಲಿ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ತಣ್ಣೀರನ್ನು ಮುಚ್ಚಿದೊಡನೆ ಬಿಸಿನೀರು ಚೆನ್ನಾಗಿ ಬಂದರೆ ಇದೇ ದೋಷ. ಹಿಮ್ಮುಖ ತಡೆ ವಾಲ್ವು ಹಿಂದೆ ಹೋಗುವುದನ್ನು ತಡೆಯುತ್ತದೆಯೇ ಹೊರತು ಬಿಸಿನೀರಿನ ಹರಿವನ್ನು ಹೆಚ್ಚಿಸುವುದಿಲ್ಲ. ಎರಡೂ ನೀರಿಗೆ ಸಮನಾದ ಒತ್ತಡ ಕೊಡುವ ಜೋಡಿ ಪಂಪು ಹಾಕಬೇಕು. ಇಲ್ಲವೇ ಎರಡನ್ನೂ ತೊಟ್ಟಿಯ ಎತ್ತರದಿಂದಲೇ ಇಳಿಸಬೇಕು.

5. ಪಂಪು ಚಾಲನೆಯಾಗದಿರುವುದು: ತಾನಾಗಿ ಚಾಲೂ ಆಗುವ ಕೆಲವು ಪಂಪುಗಳಿಗೆ ಮೊದಲು ಸ್ವಲ್ಪ ನೀರು ಹರಿಯಬೇಕು. ತೊಟ್ಟಿ ತಗ್ಗಿನಲ್ಲಿದ್ದರೆ ಈ ಹರಿವು ಸಾಲದು. ತೊಟ್ಟಿಯನ್ನು ಎತ್ತರಿಸಿ, ಇಲ್ಲವೇ ಒತ್ತಡ ಇಳಿದೊಡನೆ ಚಾಲೂ ಆಗುವ ಸ್ವಿಚ್ಚು ಹಾಕಿಸಿ.

ಎಚ್ಚರಿಕೆಗಳು

- ಗಾಳಿಕೊಳವೆಯುಳ್ಳ ಸಾಮಾನ್ಯ ಸೋಲಾರ್ ಟ್ಯಾಂಕಿಗೆ ಪಂಪಿನಿಂದ ಒತ್ತಿ ನೀರು ತುಂಬಬೇಡಿ, ಗಾಳಿಕೊಳವೆಯನ್ನು ಮುಚ್ಚಬೇಡಿ. ಟ್ಯಾಂಕು ಒಡೆಯಬಹುದು.
- ಬಿಸಿನೀರಿನ ಮಾರ್ಗಕ್ಕೆ ಶಾಖ ತಡೆಯುವ ಪಂಪನ್ನೇ ಹಾಕಿಸಿ.
- ರಿಪೇರಿಗೆ ಮೊದಲು ಪಂಪಿನ ಮತ್ತು ಹೀಟರಿನ ವಿದ್ಯುತ್ ತಪ್ಪಿಸಿ. ಪಂಪಿಗೆ ಅರ್ಥಿಂಗ್ ಇರಲೇಬೇಕು.
- ದೋಷ ಸರಿಯಾದ ದಿನ ನೀರು ಹಿಂದಿಗಿಂತ ಹೆಚ್ಚು ಬಿಸಿಯಾಗಿ, ಜೋರಾಗಿ ಬರುತ್ತದೆ. 60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡುಗಳಲ್ಲಿ ಮೈ ಸುಡಬಲ್ಲದು. ಮೊದಲು ತಣ್ಣೀರು ತೆರೆದು, ಅನಂತರ ಬಿಸಿನೀರು ಬೆರೆಸಿ, ಕೈಯಿಂದ ನೋಡಿದ ಮೇಲೆಯೇ ಮಕ್ಕಳನ್ನೂ ವೃದ್ಧರನ್ನೂ ಸ್ನಾನಕ್ಕೆ ಕಳುಹಿಸಿ.