ಚಾಕು ಹೊಳೆದ್ರೆ ಹರಿತ ಆದಂಗ ಏನು?

ಚಿದ್ರಿ ಕಡೆ ರೂಮು ಮಾಡ್ಕೊಂಡು ಇರೋ ನಮ್ಮಂಥವರ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಇರೋದು ಒಂದೇ ಚಾಕು. ಉಳ್ಳಾಗಡ್ಡಿ ಹೆಚ್ಚೋದೂ ಅದರಲ್ಲೇ, ಹಾಲಿನ ಪಾಕೀಟು ಕತ್ತರಿಸೋದೂ ಅದರಲ್ಲೇ, ಸ್ವಿಚ್ ಬೋರ್ಡಿನ ಸ್ಕ್ರೂ ಬಿಚ್ಚೋದೂ ಅದರಲ್ಲೇ. ಹಿಂಗಾಗಿ ಅದು ಮೊಂಡಾಗ್ತದ. ಮೊಂಡು ಚಾಕು ನಿರುಪದ್ರವಿ ಅಂತ ತಿಳಿಬ್ಯಾಡ್ರಿ. ಟೊಮ್ಯಾಟೊ ಸಿಪ್ಪೆ ಕೊಯ್ಯದೆ ಇದ್ದಾಗ ನಾವು ಇನ್ನಷ್ಟು ಬಲ ಹಾಕ್ತೀವಿ. ಚಾಕು ಜಾರಿದ ಕ್ಷಣದಲ್ಲಿ ಆ ಬಲವೆಲ್ಲ ಹೋಗೋದು ಬೆರಳಿನ ಮ್ಯಾಲ.

ಹರಿತ ಅಂದ್ರೆ ಎರಡು ಸಮತಲಗಳು ಸೇರುವ ಗೆರೆ ಎಷ್ಟು ತೆಳುವಾಗಿದೆ ಅನ್ನೋದು, ಅಷ್ಟೇ. ಒತ್ತಡ ಅಂದ್ರೆ ಬಲ ಭಾಗಿಸು ವಿಸ್ತೀರ್ಣ. ಗೆರೆ ತೆಳುವಾದಷ್ಟೂ ಕಡಿಮೆ ಬಲ ಸಾಕು. ಹೊಸ ಶೇವಿಂಗ್ ಬ್ಲೇಡಿನ ತುದಿ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗಕ್ಕಿಂತಲೂ ಸಣ್ಣ. ಅಡುಗೆ ಚಾಕುವನ್ನು ಅಲ್ಲಿಯವರೆಗೆ ಒಯ್ಯೋ ಅಗತ್ಯ ಇಲ್ಲ.

ಮೊದಲು ಕಲ್ಲಿನ ಮಾತು. ನಮ್ಮ ಕಡೆ ಮನೆಮನೆಗೂ ಶಹಾಬಾದ್ ಕಲ್ಲಿನ ಫರಸಿ ಅದ, ಅದರ ಮ್ಯಾಲೆ ಚಾಕು ತಿಕ್ಕೋರೂ ಇದ್ದಾರೆ. ಅದು ಸುಣ್ಣಕಲ್ಲು, ಮೋಸ್ ಮಾಪಕದಲ್ಲಿ ಗಡಸುತನ ಸುಮಾರು 3. ಹದ ಮಾಡಿದ ಉಕ್ಕು 5.5ಕ್ಕಿಂತ ಮೇಲೆ. ಸವೆಯೋದು ಕಲ್ಲೇ ಹೊರತು ಚಾಕು ಅಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಂತೂ ತೂತು ತೂತು, ಅಂಚನ್ನೇ ಹಾಳು ಮಾಡ್ತದ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿ ಒರಟು, ಇನ್ನೊಂದು ಬದಿ ನುಣುಪು ಇರೋ ಸಾಣೆಕಲ್ಲು ಸಿಗ್ತದ. ಅದೂ ಬ್ಯಾಡ ಅಂದ್ರೆ ಪೇಂಟ್ ಅಂಗಡಿಯಿಂದ 400, 1000, 2000 ನಂಬರಿನ ವಾಟರ್ ಪೇಪರ್ ತಂದು, ನೀರು ಹಚ್ಚಿ, ಸಪಾಟಾದ ಟೈಲ್ಸ್ ತುಂಡಿಗೆ ಅಂಟಿಸಿರಿ. ಪಿ-400ರ ಕಣ ಸುಮಾರು 35 ಮೈಕ್ರಾನ್, ಪಿ-1000ದ್ದು 18, ಪಿ-2000ದ್ದು 10. ಪೇಪರ್ ಮ್ಯಾಲೆ ಚಾಕುವನ್ನು ಯಾವಾಗಲೂ ಬೆನ್ನು ಮುಂದೆ, ಅಂಚು ಹಿಂದೆ ಇರೋ ಹಂಗ ಎಳೀಬೇಕು. ಇಲ್ಲಾಂದ್ರೆ ಪೇಪರೇ ಕೊಯ್ದು ಹೋಗ್ತದ.

ಕೋನ ಒಂದು ಬದಿಗೆ 20 ಡಿಗ್ರಿ ಇಟ್ಕೊಳ್ರಿ. ಪ್ರೊಟ್ರ್ಯಾಕ್ಟರ್ ಬೇಕಾಗಿಲ್ಲ, ಮೊದಲ ಸೆಮಿಸ್ಟರಿನ ತ್ರಿಕೋನಮಿತಿ ಸಾಕು. ಅಲಗಿನ ಅಗಲವನ್ನು ಸೈನ್ 20ರಿಂದ, ಅಂದ್ರೆ 0.34ರಿಂದ ಗುಣಿಸಿದ್ರೆ ಬೆನ್ನನ್ನು ಎಷ್ಟು ಎತ್ತಬೇಕು ಅನ್ನೋದು ಬರ್ತದ. 20 ಮಿ.ಮೀ. ಅಗಲದ ಸಣ್ಣ ಚಾಕುವಿಗೆ ಸುಮಾರು 7 ಮಿ.ಮೀ., ಒಂದು ಪೆನ್ಸಿಲ್ ದಪ್ಪ. ಪೆನ್ಸಿಲ್ ಒಮ್ಮೆ ಕೆಳಗಿಟ್ಟು ಎತ್ತರ ನೋಡ್ಕೊಂಡು, ಆಮೇಲೆ ತೆಗೆದು ಕೈಯಲ್ಲೇ ಅದೇ ಎತ್ತರ ಹಿಡೀರಿ. ಕೋನ 18 ಆದ್ರೂ 22 ಆದ್ರೂ ಅಡ್ಡಿ ಇಲ್ಲ, ಆದರೆ ಪ್ರತಿ ಎಳೆತಕ್ಕೂ ಬದಲಾದ್ರೆ ಅಂಚು ದುಂಡಗಾಗ್ತದ.

ಈಗ ಬಹಳ ಜನ ಬಿಟ್ಟುಬಿಡೋ ಹಂತ. ಒಂದೇ ಬದಿಯನ್ನು ಒರಟು ಕಲ್ಲಿನ ಮ್ಯಾಲೆ ಮಸೀತಾ ಹೋದ್ರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಗೆ ಕೂದಲಿನಂಥ ಲೋಹದ ಎಳೆ ಹೊರಳಿ ನಿಲ್ತದ. ವರ್ಕ್‌ಶಾಪಿನಲ್ಲಿ ಫಿಟ್ಟಿಂಗ್ ಮಾಡಿದವರಿಗೆ ಇದು ಗೊತ್ತು, ಅರ ಹಾಕಿದ ಮೇಲೆ ತುಂಡಿನ ಅಂಚಿಗೆ ಬರ್ತದಲ್ಲ, ಅದೇ ‘ಬರ್’. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಹೊರಗೆ ಸವರಿದ್ರೆ ಚುರುಚುರು ಅಂತ ಸಿಗ್ತದ. (ಅಂಚಿನ ಉದ್ದಕ್ಕೆ ಎಂದೂ ಸವರಬ್ಯಾಡ್ರಿ.) ಹಿಡಿಯಿಂದ ತುದಿಯವರೆಗೂ ಬರ್ ಬಂತು ಅಂದ್ರೆ ಎರಡು ಸಮತಲಗಳು ನಿಜವಾಗ್ಲೂ ಸೇರಿವೆ ಅಂತ ಅರ್ಥ. ಅದು ಬರೋ ತನಕ ನುಣುಪು ಕಲ್ಲಿಗೆ ಹೋದ್ರೆ ಮೊಂಡು ಅಂಚಿಗೇ ಪಾಲಿಶ್ ಮಾಡಿದಂಗ. ಬರ್ ಬಂದ ಮೇಲೆ ಬದಿ ಬದಲಿಸ್ರಿ. ಆಮೇಲೆ ಮುಂದಿನ ನಂಬರ್, ಪ್ರತಿ ಸಲ ಕೈಭಾರ ಕಮ್ಮಿ ಮಾಡ್ತಾ, ಕೊನೆಗೆ ಒಂದು ಬದಿಗೆ ಒಂದೇ ಎಳೆತದಂತೆ. ಬರ್ ತೆಗೆಯದೆ ಬಿಟ್ಟ ಚಾಕು ಮೊದಲ ದಿನ ಬ್ಲೇಡಿನಂಗ ಕೊಯ್ದು, ಮರುದಿನ ಎಳೆ ಮಡಚಿಕೊಂಡು ಮೊಂಡಾಗ್ತದ. ‘ಸಾಣೆ ನಿಲ್ಲಂಗಿಲ್ಲ’ ಅನ್ನೋ ದೂರಿನ ಮೂಲ ಹೆಚ್ಚಾಗಿ ಇದೇ.

ಈ ಕ್ರಮ ನೋಡಬೇಕಂದ್ರೆ ಚೌಬಾರಾ ಹತ್ತಿರದ ಬಿದ್ರಿ ಅಂಗಡಿಗಳಿಗೆ ಹೋಗ್ರಿ. ಸತು ಮತ್ತು ಸ್ವಲ್ಪ ತಾಮ್ರದ ಎರಕಕ್ಕೆ ಅರ ಹಾಕಿ, ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿ, ಅದರ ಮ್ಯಾಲೆ ಚಿತ್ರ ಗೀಚಿ ಉಕ್ಕಿನ ಉಳಿಯಿಂದ ಕೊರೀತಾರೆ. ಬೆಳ್ಳಿ ತಂತಿ ಆ ಗೀರಿನಲ್ಲಿ ಕೂರಬೇಕಾದ್ರೆ ಅದರ ಅಂಚು ಹರಿಯದೆ ಸ್ವಚ್ಛವಾಗಿರಬೇಕು. ಮೊಂಡು ಉಳಿ ಲೋಹವನ್ನು ಕೊರೆಯೋದಿಲ್ಲ, ದಬ್ತದ. ಕೋಟೆಯ ಮಣ್ಣು, ನವಸಾಗರ ಸೇರಿಸಿ ಕಪ್ಪು ಬಣ್ಣ ಬರಿಸೋದು, ಎಣ್ಣೆ ತಿಕ್ಕಿ ಹೊಳಪು ಕೊಡೋದು ಎಲ್ಲಾ ಕೊನೆಗೆ. ಮೊದಲು ಆಕಾರ, ಆಮೇಲೆ ಹೊಳಪು.

ಚಾಕುವಿನ ಹೊಳಪಿಗೆ ಹಳೆ ಚರ್ಮದ ಬೆಲ್ಟ್ ಸಾಕು. ಒರಟು ಬದಿ ಮೇಲಾಗಿ ಕಟ್ಟಿಗೆಗೆ ಅಂಟಿಸಿ, ಸ್ಟೀಲ್ ಪಾಲಿಶಿನ ಹಸಿರು ಬಟ್ಟಿ ತಿಕ್ರಿ. ಅದರಲ್ಲಿರೋದು ಕ್ರೋಮಿಯಂ ಆಕ್ಸೈಡ್. ಬೆನ್ನು ಮುಂದೆ ಮಾಡಿ ಒಂದೊಂದು ಬದಿಗೆ ಹತ್ತು ಸಲ ಎಳೆದ್ರೆ ಅಂಚಿನಲ್ಲಿ ಮುಖ ಕಾಣೋವಷ್ಟು ಮಿಂಚ್ತದ. ಬೆಲ್ಟ್ ಇಲ್ಲದಿದ್ರೆ ಮಡಚಿದ ದಿನಪತ್ರಿಕೆ. ಗಾಳಿಯಲ್ಲಿ ಹಿಡಿದ ಕಾಗದ ತಡೆಯಿಲ್ಲದೆ ಸೀಳಿದ್ರೆ ಕೆಲಸ ಮುಗೀತು. ನಮ್ಮ ಅಭಿಪ್ರಾಯ ಕೇಳಿದ್ರೆ, ಟೊಮ್ಯಾಟೊಗೆ ಈ ಕನ್ನಡಿ ಹೊಳಪಿಗಿಂತ ಪಿ-1000ಕ್ಕೇ ನಿಲ್ಲಿಸಿ, ಬೆಲ್ಟಿಗೆ ಮೂರ್ನಾಲ್ಕು ಸಲ ಎಳೆದ ಅಂಚೇ ಚಲೋ. ಅದರಲ್ಲಿ ಉಳಿಯೋ ಸಣ್ಣ ಸಣ್ಣ ಹಲ್ಲು ಸಿಪ್ಪೆಯನ್ನು ಹಿಡೀತಾವ.

ಸಾಣೆ ಯಂತ್ರಕ್ಕೆ ಕೊಡೋದಾದ್ರೆ ಕಿಡಿ ಹಾರುವಷ್ಟು ಒತ್ತಬ್ಯಾಡ್ರಿ, ನಡುನಡುವೆ ನೀರಿಗೆ ಅದ್ದಲಿಕ್ಕೆ ಹೇಳ್ರಿ. ಕಾರ್ಬನ್ ಉಕ್ಕು 300 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ನೀಲಿ ಆಗ್ತದ. ಅಂಚಿನಲ್ಲಿ ಆ ಬಣ್ಣ ಕಂಡ್ರೆ ಅಲ್ಲಿಯ ಹದ ಹೋದಂಗ, ಎಷ್ಟು ಮಸೆದರೂ ನಿಲ್ಲಂಗಿಲ್ಲ. ಮಸೆದ ಚಾಕುವನ್ನು ಸ್ಟೀಲ್ ತಾಟಿನ ಮ್ಯಾಲೆ ಹೆಚ್ಚಲಿಕ್ಕೆ ಬಳಸಬ್ಯಾಡ್ರಿ, ಕಟ್ಟಿಗೆ ಹಲಗೆ ಇಟ್ಕೊಳ್ರಿ. ಚಮಚಗಳ ಡಬ್ಬಿಯಲ್ಲೂ ಇಡಬ್ಯಾಡ್ರಿ, ರಟ್ಟು ಮಡಚಿ ಒಂದು ಒರೆ ಮಾಡಿ ಹಾಕ್ರಿ. ಸ್ಕ್ರೂ ಬಿಚ್ಚಲಿಕ್ಕೆ ಸ್ಕ್ರೂಡ್ರೈವರ್ ಬ್ಯಾರೆ ತಗೊಳ್ರಿ.